ಅಡ್ಡಹೆಸರಿನ ಖಾನೆ

ಅಮ್ಮಾ,

ಹಾಲು ಕಾಯಿಸಿಟ್ಟಿದ್ದೇನೆ, ಮುಚ್ಚಿಡು.

ವಂಶವೃಕ್ಷದ ಸಾಫ್ಟ್‌ವೇರಿನಲ್ಲಿ ನನ್ನ ಅಡ್ಡಹೆಸರಿನ ಖಾನೆಯಿಂದ 'ಮೂಗಿ' ಎಂಬುದನ್ನು ಎರಡು ಸಲ ಅಳಿಸಿದೆ. ಎರಡು ಸಲವೂ ನೀನು ಮತ್ತೆ ತುಂಬಿದೆ. "ಅದಿಲ್ದಿದ್ರೆ ನೀನ್ಯಾರು ಅಂತ ನೆಂಟರಿಗೆ ಹೇಗೇ ಗೊತ್ತಾಗ್ಬೇಕು?" ಅಂದೆ. ಅಣ್ಣನ 'ಪುಟಾಣಿ' ಇರಲಿ, ಅವನಿಗದು ಇಷ್ಟ.

ನಾನು ಎದುರಾಡಿದರೆ ಚಿಕ್ಕಪ್ಪ "ಓಹೋ, ಮೂಗಿಗೂ ಬಾಯಿ ಬಂತು!" ಎಂದು ಎಲ್ಲರನ್ನೂ ನಗಿಸುತ್ತಾರೆ. ಸುಮ್ಮನಿದ್ದರೆ ಆ ಹೆಸರೇ ನಿಜವಾಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಇವತ್ತು ಹನ್ನೊಂದು ಗಂಟೆಗೆ ಚಿಕ್ಕಪ್ಪ ವಂಶವೃಕ್ಷದ ಪ್ರಿಂಟ್ ತೆಗೆಸಲು ಬರುತ್ತಾರೆ, ಇಪ್ಪತ್ತು ಮನೆಗೆ ಹಂಚುತ್ತಾರಂತೆ. ಅಷ್ಟರೊಳಗೆ ನೀನೇ ಅಳಿಸು. ಮೂರನೇ ಸಲ ನಾನು ಅಳಿಸುವುದಿಲ್ಲ. ಖಾನೆ ಖಾಲಿಯಿದ್ದರೆ ಯಾರ ಗಂಟೂ ಹೋಗುವುದಿಲ್ಲ.

ಅಳಿಸಿದೆಯಾ ಎಂದು ಸಂಜೆ ಕೇಳುವುದಿಲ್ಲ. ನಮ್ಮ ಪ್ರತಿಯನ್ನು ಮೇಜಿನ ಮೇಲಿಡು, ಓದಿಕೊಳ್ಳುತ್ತೇನೆ.