ಕಾರ್ಬನ್ ತಿಕ್ಕುವ ಕೆಲಸ

ಜನವರಿ 8, 2025, ಬುಧವಾರ

ಕೊಟ್ರಸ್ವಾಮಿಯ ಮಲ್ಲಿಗೆ ಹೂ ಸಾಗಿಸುವ ಟೆಂಪೊ. ಎಂಜಿನ್ ಬಿಚ್ಚಿ ಮೂರನೇ ದಿನ. ಪಿಸ್ಟನ್ ತಲೆಯ ಮೇಲೆ ಕಾರ್ಬನ್ ಸೀದ ರೊಟ್ಟಿಯಂತೆ ಹತ್ತಿದೆ. ನಿನ್ನೆಯೇ ಡೀಸೆಲ್‌ನಲ್ಲಿ ನೆನೆಹಾಕಿದ್ದೆ. ಮೊದಲು ಬ್ರಷ್, ಆಮೇಲೆ ಬಿದಿರಿನ ಚಕ್ಕೆ. ಕಬ್ಬಿಣ ತಾಗಿಸಿದರೆ ಗೀರು ಬೀಳುತ್ತದೆ. ಹಡಗಲಿಯಲ್ಲಿ ಇಷ್ಟು ನಾಜೂಕಾಗಿ ಮಾಡುವವನು ನಾನೊಬ್ಬನೇ. ಜಂಬ ಅಂದರೆ ಜಂಬ.

ಡ್ರೈವರ್ ಬೊಮ್ಮಪ್ಪ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. "ಮೇಸ್ತ್ರಿ, ದಿಬ್ಬ ಹತ್ತೋವಾಗ ಇದು ನಮ್ಮ ಮಾವನಂಗ ಕೆಮ್ಮತಿತ್ರಿ." ನಕ್ಕೆವು.

ಜನವರಿ 10, ಶುಕ್ರವಾರ

ಪಿಸ್ಟನ್ ಕೂರಿಸಿ, ಕೆಳಗೆ ಆಯಿಲ್ ನಿಲ್ಲುವ ಸಂಪ್ ಮುಚ್ಚಿ ಆಗಿತ್ತು. ಆಗ ಬ್ಲಾಕಿನ ಮೇಲಂಚಿನಲ್ಲಿ ಇನ್ನೊಂದಿಷ್ಟು ಕರಿ ಕಂಡಿತು. ಬಿಡಲು ಮನಸ್ಸಾಗಲಿಲ್ಲ. ಪುಡಿ ಒಳಗೆ ಬೀಳದಿರಲೆಂದು, ಆಯಿಲ್ ಸಂಪಿಗೆ ಇಳಿಯುವ ತೂತುಗಳಿಗೆ ಹೆಂಡತಿಯ ಹಳೇ ಹಸಿರು ಸೀರೆಯ ಚೂರು ತುರುಕಿ ತಿಕ್ಕಿದೆ.

ಕೊಟ್ರಸ್ವಾಮಿ ನಿಂಬೆಹಣ್ಣು ಹಿಡಿದು ತಲೆಯ ಮೇಲೇ ನಿಂತಿದ್ದ. "ಹತ್ತೂವರಿಗೆ ರಾಹುಕಾಲ ಹಿಡಿತೈತಿ. ಅದರೊಳಗ ಸ್ಟಾರ್ಟ್ ಆಗ್ಬೇಕ್ರಿ."

ಮೊದಲ ಸ್ಟಾರ್ಟಿಗೆ ನಾನೂ ಹೊತ್ತು ನೋಡುವವನೇ. ಬಟ್ಟೆ ಕಿತ್ತೆ, ಬ್ಲಾಕಿನ ಮೇಲೆ ಮುಚ್ಚುವ ಹೆಡ್ ಕೂರಿಸಿದೆ, ಬಿಗಿದೆ. ಹತ್ತು ಇಪ್ಪತ್ತಕ್ಕೆ ಎಂಜಿನ್ ಸ್ಟಾರ್ಟ್ ಆಯಿತು. ಕುಂಕುಮ, ಕಾಯಿ. ಸದ್ದು ಚೆನ್ನಾಗಿದೆ.

ಯಾವತ್ತೂ ಬಟ್ಟೆ ಎಣಿಸಿ ತೆಗೆಯುತ್ತೇನೆ. ಇವತ್ತು... ಎಣಿಸಿರಬೇಕು.

ಜನವರಿ 19, ಭಾನುವಾರ

ಬಾಗಳಿ ದಾಟಿದ ಮೇಲೆ, ಬೆಳಗಿನ ಜಾವ, ಓಡುತ್ತಿದ್ದ ಹಾಗೇ ಎಂಜಿನ್ ಜಾಮ್. ಚಕ್ರ ಹಿಡಿದುಕೊಂಡು ಟೆಂಪೊ ಹೋಗಿ ಬೇವಿನ ಮರಕ್ಕೆ ಬಡಿದಿದೆ. ಬೊಮ್ಮಪ್ಪನ ಬಲಗಾಲು ಮೊಣಕಾಲಿನ ಕೆಳಗೆ ತೆಗೆದರಂತೆ. ದಾವಣಗೆರೆ ಆಸ್ಪತ್ರೆಯಲ್ಲಿದ್ದಾನೆ.

ಕೊಟ್ರಸ್ವಾಮಿಯ ಫೋನು. "ಆಯಿಲ್ ನೋಡದ ಓಡಿಸ್ಯಾನ್ರಿ ಅವ. ನಿಮ್ಮ ಕೆಲ್ಸದ ಮ್ಯಾಲ ನನಗ ಅನುಮಾನಿಲ್ಲ."

ಊಟ ಸೇರಲಿಲ್ಲ.

ಜನವರಿ 28, ಮಂಗಳವಾರ

ಗಾಡಿ ನನ್ನಲ್ಲಿಗೇ ಬಂತು. ಒಬ್ಬನೇ ಸಂಪ್ ಬಿಚ್ಚಿದೆ. ಆಯಿಲ್ ಇತ್ತು — ಅಳತೆಗೆ ಸರಿಯಾಗಿ. ಅದನ್ನು ಮೇಲೆ ಎಳೆಯುವ ಜಾಲರಿಗೆ ಬಟ್ಟೆಯೊಂದು ಅಂಟಿಕೊಂಡಿತ್ತು. ಡೀಸೆಲ್‌ನಲ್ಲಿ ಜಾಲಿಸಿದೆ. ಹಸಿರು.

ಒಯ್ದು ನೀರೊಲೆಗೆ ಹಾಕಿದೆ.

ಸಂಜೆ ಕೊಟ್ರಸ್ವಾಮಿ ಬಂದ. "ಏನ್ ಕಂಡ್ತ್ರಿ?"

"ಆಯಿಲ್ ಇರ್ಲಿಲ್ಲ" ಎಂದೆ. ಎಷ್ಟು ಸಲೀಸಾಗಿ ಬಾಯಿಗೆ ಬಂತು!

ಮಾರ್ಚ್ 3, ಸೋಮವಾರ

ಬೊಮ್ಮಪ್ಪನ ಹೆಂಡತಿ ಎರ್ರೆಮ್ಮ ಬಂದಿದ್ದಳು.

"ಅಣ್ಣಾರ, ನಾ ಆಯಿಲ್ ನೋಡಿದ್ನೋ ಇಲ್ಲೋ ಅಂತ ಅವರು ದಿನಾ ಅಳ್ತಾರ. ಮೇಸ್ತ್ರಿ ಮಾಡಿದ ಕೆಲ್ಸ ನಾನ ಕೆಡಿಸಿಬಿಟ್ಟೆ, ಹೋಗಿ ಮಾಪಿ ಕೇಳ್ಬಾ ಅಂತ ಕಳಿಸ್ಯಾರ್ರಿ."

ಕಾಲಿಗೆ ಬೀಳಲು ಬಂದಳು. ಹಿಂದೆ ಸರಿದೆ. ಆಗಲೇ ಹೇಳಬೇಕಿತ್ತು. ಹೇಡಿ ನಾನು, ಅಪ್ಪಟ ಹೇಡಿ.

"ಅವರಿಗೆ ಕುಂತು ಮಾಡೋ ಕೆಲ್ಸ ಏನರ ಇದ್ರ ಕೊಡ್ರಿ" ಎಂದಳು. ಗಾಯ ಮಾಯಲಿ, ಕಳಿಸು ಎಂದೆ. ಕೈಮುಗಿದು ಹೋದಳು.

ಜೂನ್ 9, ಸೋಮವಾರ

ಬೊಮ್ಮಪ್ಪ ಬಂದು ವಾರವಾಯಿತು. ಸ್ಟೂಲಿನ ಮೇಲೆ ಕೂತು ಕಾರ್ಬನ್ ತಿಕ್ಕುತ್ತಾನೆ. ತಾಳ್ಮೆಯವನು. ನಾನು ಅವನ ಕಡೆ ಹೆಚ್ಚು ನೋಡುವುದಿಲ್ಲ.

ಇವತ್ತು ಟ್ರ್ಯಾಕ್ಟರ್ ಬ್ಲಾಕ್. ತೂತಿಗೆ ಬಟ್ಟೆ ತುರುಕಿ ತೋರಿಸಿದೆ. ಎಣಿಸಿ ಹಾಕು, ಎಣಿಸಿ ತೆಗೆ ಎಂದೆ.

"ಒಂದು ಒಳಗ ಜಾರಿ ಉಳಿದ್ರ ಏನಕ್ಕೈತ್ರಿ?"

"ಜಾಲರಿಗೆ ಅಂಟ್ಕೊಂತೈತಿ. ಆಯಿಲ್ ಮ್ಯಾಲ ಬರಂಗಿಲ್ಲ."

"ಸಂಪಿನಾಗ ಆಯಿಲ್ ಇದ್ರೂ?"

"ಇದ್ರೂ."

ಅವನ ಕೈ ನಿಂತಿತು. ತಲೆ ಎತ್ತಲಿಲ್ಲ. ಬ್ರಷ್ಷನ್ನು ಮೆಲ್ಲಗೆ ಕೆಳಗಿಟ್ಟ.

"ಅವತ್ತು ನಾ ಅಳತಿ ಕಡ್ಡಿ ತೆಗೆದು ಆಯಿಲ್ ನೋಡಿದ್ನ್ರಿ, ಮೇಸ್ತ್ರಿ... ನೋಡಿದ್ನಲ್ರಿ?"

ನಾನು—