ಹೆರಿಗೆ ಕೋಣೆಯ ಮೇಲಿನ ತಂತಿ

ಕಿಟೆಂಗೆ ಹಳ್ಳಿ, ಕಮಿನಾ ಹತ್ತಿರ
ಆಗಸ್ಟ್ ೧೨, ೧೯೯೦

ಪ್ರೀತಿಯ ತಮ್ಮ ಕ್ಯುಂಗುವಿಗೆ,

ಹೇಗಿದ್ದೀಯಪ್ಪ? ಕೆಮ್ಮು ಹೋಯಿತೇ? ಕೊಲ್ವೇಝಿಯ ಗಣಿ ಧೂಳು ಅಪ್ಪನ ಎದೆಯನ್ನೇ ತಿಂದಿತ್ತು, ನಿನ್ನದನ್ನಾದರೂ ಬಿಡಲಿ. ನಾವು ಇದ್ದೇವೆ. ಮರಗೆಣಸು ಚೆನ್ನಾಗಿ ಬಂದಿದೆ, ಬುಕಾರಿ ಮುದ್ದೆಗೆ ಹಿಟ್ಟಿನ ಕೊರತೆಯಿಲ್ಲ. ನಿನ್ನ ಭಾವ ಬಾಂಝಾ ಈಗಲೂ ಊರವರ ರೇಡಿಯೊಗಳನ್ನೆಲ್ಲ ಬಿಚ್ಚಿ ಚಾಪೆ ತುಂಬ ಹರಡಿಕೊಂಡು ಕೂರುತ್ತಾರೆ. ಮುದ್ದೆ ತಿರುವುವ ಕೋಲು ಹುಡುಕಿದರೆ ಅದಕ್ಕೂ ತಾಮ್ರದ ತಂತಿ ಸುತ್ತಿರುತ್ತಾರೆ.

ನಾದಿನಿ ಮುಜಿಂಗಾಳ ಸಾವಿನ ಕೂಟಕ್ಕೆ ನೀನು ಬಂದೆ, ಗಂಡಸರ ಬೆಂಕಿಯ ಬಳಿ ಕೂತೆ, ಹೋದೆ. ಹೇಗೆ ಸತ್ತಳೆಂದು ಹೆಂಗಸರ ಕಡೆ ಬಂದು ಕೇಳಲಿಲ್ಲ. ಸೂಲಗಿತ್ತಿ ನಾನೇ ತಾನೆ, ಬರೆಯುತ್ತೇನೆ ಕೇಳು. ಮಗು ಬಂತು, ಗಂಡು. ಆಮೇಲೆ ರಕ್ತ ನಿಲ್ಲಲಿಲ್ಲ. ಅಷ್ಟರಲ್ಲಿ ಬುಡ್ಡಿಯಲ್ಲಿ ಸೀಮೆಎಣ್ಣೆ ತೀರಿತು. ಎಲ್ಲಿ ಹರಿದಿದೆಯೆಂದು ಕೈಯಲ್ಲೇ ತಡಕಾಡಿದೆ. ಬಿಸಿ ತಾಗಿತೇ ಹೊರತು ಏನೂ ಕಾಣಲಿಲ್ಲ. ಸೂರಿನ ಮೇಲೆ, ನೀನು ಕೆಲಸ ಮಾಡುವ ಕರೆಂಟು ಕೇಂದ್ರದ ತಂತಿ ಜುಂಯ್ ಎನ್ನುತ್ತಿತ್ತು. ಇಂಗಾ ಅಣೆಕಟ್ಟಿನಿಂದ ಹೊರಟು, ದೇಶವನ್ನೆಲ್ಲ ದಾಟಿ, ನಮ್ಮ ಹೆರಿಗೆ ಕೋಣೆಯನ್ನೂ ದಾಟಿ ನಿಮ್ಮ ಗಣಿಗೆ ಬರುವ ಕರೆಂಟು! ಅವಳ ಕೈ ತಣ್ಣಗಾಗುವವರೆಗೂ ಅದರ ಸದ್ದು ಕೇಳುತ್ತ ಕೂತಿದ್ದೆ.

ಅದಕ್ಕೇ ನಿನ್ನ ಭಾವ ಅಂದು ಕೂಟದಲ್ಲಿ ಅಷ್ಟು ಜನರ ನಡುವೆ ನಿನ್ನನ್ನು ಕೇಳಿದ್ದು: "ಏನಯ್ಯಾ, ಇದ್ರಿಂದ ಒಂದೇ ಒಂದು ಬಲ್ಬಿಗಾಗೋವಷ್ಟು ಇಳಿಸೋಕಾಗಲ್ವಾ?" ಮೊದಲು ನೀನು ಮರ್ಯಾದೆಯಾಗಿಯೇ ಹೇಳಿದೆ: "ಇದು ನೆಟ್ಟಗೆ ಒಂದೇ ಕಡೆ ಹರಿಯೋ ಕರೆಂಟು ಭಾವ. ಪಟ್ಟಣದ ಕರೆಂಟಿನ ಹಾಗೆ ಕಬ್ಬಿಣಕ್ಕೆ ತಂತಿ ಸುತ್ತಿ ಇಳಿಸೋಕಾಗಲ್ಲ. ಇಗರ್ಜಿಯಷ್ಟು ದೊಡ್ಡ ಕಟ್ಟಡದ ತುಂಬ ಯಂತ್ರ ಬೇಕು. ಒಂದು ಬಲ್ಬಿಗೆ ಅದನ್ಯಾರು ಕಟ್ತಾರೆ?" ಆಗ ಅವರು ಜೇಬಿನಿಂದ ಆ ಬಣ್ಣದ ಪಟ್ಟೆಯ ರೆಸಿಸ್ಟರ್ ಚೂರುಗಳನ್ನು ತೆಗೆದರು. "ರೇಡಿಯೊದಲ್ಲಿ ನಾನು ಹೀಗೇ ಇಳಿಸ್ತೀನಲ್ಲ. ಉದ್ದಕ್ಕೆ ಮಾಲೆ ಕಟ್ಟಿ, ತಂತಿಯಿಂದ ನೆಲದವರೆಗೂ ಬಿಟ್ಟು, ಕೊನೇ ತುದೀಲಿ ಚೂರು ತಗೊಂಡ್ರೆ?" ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಐದು ಲಕ್ಷ ವೋಲ್ಟಿಗೆ ಮಣಿಸರ ಹಾಕ್ತಾರಂತೆ ನಮ್ ಭಾವ!" ಊರೇ ನಕ್ಕಿತು. ಸತ್ತವಳು ಅವರ ಸ್ವಂತ ತಂಗಿ ಕಣೋ. "ಮುಟ್ಟೋದು ಹಾಗಿರ್ಲಿ, ಹತ್ತಿರ ಹೋದ್ರೇ ಬೂದಿ" ಎಂದೂ ಆಮೇಲೆ ಹೇಳಿದೆ. ಅಷ್ಟು ನಗುವಿನಲ್ಲಿ ಅದು ಯಾರ ಕಿವಿಗೆ ಬಿತ್ತು?

ಅಂದಿನಿಂದ ಅವರು ನನ್ನ ಜೊತೆಯೂ ಸರಿಯಾಗಿ ಮಾತಾಡುವುದಿಲ್ಲ. ಆ ಮಾಲೆ ಕಟ್ಟುತ್ತಲೇ ಇದ್ದರು. ಅತ್ತು ಕರೆದೆ, ಬೈದೆ, ಊಟ ಬಿಟ್ಟೆ. "ನಿನ್ನ ತಮ್ಮ ಇನ್ನೊಂದ್ಸಲ ನಗ್ಲಿ ನೋಡೋಣ" ಎನ್ನುತ್ತಾರೆ. ನೀನು ಹೇಳಿದ್ದು ನಿಜವೇ, ನನಗೆ ಅನುಮಾನವಿಲ್ಲ. ನಿಜ ಹೇಳುವಾಗ ನಗಬೇಕಿತ್ತೇ? ತಲೆಯ ಮೇಲೆ ಫ್ಯಾನು ತಿರುಗುವವರಿಗೆ ನಗು ಸುಲಭವಾಗಿ ಬರುತ್ತದೆ. ನಿನ್ನ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ನಿನ್ನ ಹೆಂಡತಿ ಫೆಬಾಳಿಗೆ ನನ್ನ ನೆನಪು ಹೇಳು, ಮಕ್ಕಳ ತಲೆ ಸವರು. ದೇವರು ನಿಮ್ಮನ್ನು ಬೆಳಕಿನಲ್ಲೇ ಇಟ್ಟಿರಲಿ. ಬರೆಯಲು ಕೈ ಏಳಲಿಲ್ಲ, ಆದರೂ ಬರೆದಿದ್ದೇನೆ.

ನಿನ್ನ ಅಕ್ಕ,
ನುಂಬಿ

ಮರೆತೆ: ರೈಲಿನಲ್ಲಿ ಕೆಲಸ ಮಾಡುವ ಕಬಾಂಬಾ ಕಾಗದ ಒಯ್ಯಲು ಬಾಗಿಲಲ್ಲೇ ನಿಂತಿದ್ದಾನೆ. ಮಾಲೆ ಮುಗಿದಿದೆ. ಬರುವ ಭಾನುವಾರ ಎಲ್ಲರೂ ಇಗರ್ಜಿಯಲ್ಲಿರುವಾಗ ಇವರು ಕಂಬ ಹತ್ತುತ್ತಾರೆ. ನಿಮ್ಮ ಕೇಂದ್ರದ ಬ್ಯಾಟರಿಯೊಂದನ್ನು ತುಂಬಿಸಿ ಶನಿವಾರದ ಗಾಡಿಗೆ ಹಾಕು, ಹೆರಿಗೆಗೆ ಅಷ್ಟು ಬೆಳಕು ಸಾಕು. ಜೊತೆಗೆ ಭಾವನಿಗೆ ಒಂದು ಸಾಲು ಬರೆ: ನಿಮ್ಮ ಲೆಕ್ಕ ಸರಿ, ನಕ್ಕಿದ್ದು ನನ್ನ ತಪ್ಪು, ಕಂಬ ಹತ್ತಿ ತೋರಿಸೋದು ಬೇಡ ಅಂತ. ಬ್ಯಾಟರಿ ತಡವಾದರೂ ಆ ಸಾಲು ತಡವಾಗಬಾರದು. ಬರೆಯಲು ನಾಚಿಕೆಯಾದರೆ ಹೆಣಕ್ಕೆ ಹೊದಿಸುವ ಬಿಳಿ ಬಟ್ಟೆ ಕಳಿಸು. ಅದು ಕಮಿನಾದಲ್ಲಿ ಸಿಗುತ್ತಿಲ್ಲ.