ಹಳದಿ ಜ್ವರದ ಸೂಜಿ

೧೨ ಜೂನ್ ೧೯೮೬, ಅಜ್ಜಂಪುರ

ಇವತ್ತೂ ಕೊಬ್ಬರಿ ಮಂಡಿಗೆ ಹೋಗಲಿಲ್ಲ. ಮಗಳ ಪ್ರಯಾಣದ ಓಡಾಟವೇ ಆಯಿತು. ಅಳಿಯ ಓಂಕಾರಮೂರ್ತಿ ನೈಜೀರಿಯಾದಲ್ಲಿ ಮೇಷ್ಟ್ರು. ಪಂಕಜಾಕ್ಷಿ, ಮೊಮ್ಮಗಳು ಲೀಲಾ ಇಬ್ಬರೂ ಅವನ ಬಳಿಗೆ. ಹಳದಿ ಜ್ವರದ ಸೂಜಿ ಚುಚ್ಚಿಸದೆ ಆ ದೇಶದೊಳಕ್ಕೆ ಬಿಡುವುದಿಲ್ಲವಂತೆ. ಡಾಕ್ಟರ್ ಲಕ್ಷ್ಮೀಪತಿಯವರನ್ನು ಕೇಳಿದೆ. ಮರುಪ್ರಶ್ನೆ ಹಾಕಿದರು — "ಮಗೂಗೆ ಮೊಟ್ಟೆ ಒಗ್ಗುತ್ತೇನ್ರೀ ಕಲ್ಲೇಶಪ್ಪ?"

ಲಿಂಗ ಕಟ್ಟಿದವರ ಮನೆಯಲ್ಲಿ ಕೇಳುವ ಮಾತೇ ಇದು! "ಸಿಟ್ಟಾಗ್ಬೇಡಿ, ಆ ಮದ್ದು ಬೆಳೆಸೋದೇ ಮೊಟ್ಟೆಯೊಳಗೆ" ಎಂದರು. ಮೈ ಉರಿದುಹೋಯಿತು. ಕಾಫಿ ಅಲ್ಲೇ ಬಿಟ್ಟು ಎದ್ದು ಬಂದೆ.

೧೩ ಜೂನ್

ಪಂಕಜಾಕ್ಷಿ ಜಗ್ಗಲಿಲ್ಲ. "ಔಷಧಿ ಔಷಧೀನೇ ಅಪ್ಪಾಜಿ. ನಾನೂ ಹಾಕಿಸ್ಕೊಂತೀನಿ, ಮಗೂಗೂ ಹಾಕಿಸ್ತೀನಿ." ಅವಳ ಮೈ ಅವಳದು, ಹಾಳಾಗಲಿ. ಮಗುವಿಗೆ ಗುರುಗಳನ್ನು ಕರೆಸಿ ಲಿಂಗ ಕಟ್ಟಿಸಿದವನು ನಾನು...

೧೯ ಜೂನ್, ಬೆಂಗಳೂರು

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ್ದೇ ತಡ, ಪಂಕಜಾಕ್ಷಿಗೆ ತಲೆ ಸುತ್ತಿತು. ಒಳಗೆ ಮಲಗಿಸಿದರು. ಮಗುವನ್ನು ನಾನೇ ಎತ್ತಿಕೊಂಡೆ. ಸಾಲಿನಲ್ಲಿ ನಿಲ್ಲಲಿಲ್ಲ. ಗೇಟಿನ ಹೊರಗೆ ಕಳ್ಳ ಸೀಲು ಒತ್ತುವವನೊಬ್ಬ ಇದ್ದಾನೆಂದು ಲಾಡ್ಜಿನಲ್ಲಿ ಕೇಳಿದ್ದೆ. ದುಡ್ಡು ತೆಗೆದುಕೊಂಡು ಮಗುವಿನ ಸರ್ಟಿಫಿಕೇಟಿಗೆ ಒತ್ತಿಕೊಟ್ಟ. ಮಗುವಿಗೆ ಬಿಸ್ಕತ್ತು ಕೊಡಿಸಿದೆ.

ಮಗಳು ಎದ್ದು ಕೂತು ಕೇಳಿದಳು — "ಅಳ್ಲೇ ಇಲ್ವಾ ಅಪ್ಪಾಜಿ ಇವ್ಳು?"

"ನನ್ ಮೊಮ್ಮಗಳು ಕಣೇ, ಗಟ್ಟಿ!"

ನಕ್ಕಳು. ಮಗುವಿನ ಮೈ ಮೈಲಿಗೆಯಾಗಲಿಲ್ಲ. ನಿರಾಳವಾಯಿತು.

೨ ಜುಲೈ

ವಿಮಾನ ಹತ್ತಿಸಿ ಬಂದೆವು. ಹೆಂಡತಿ ವಿಮಲಮ್ಮನದು ರೈಲಿನುದ್ದಕ್ಕೂ ಅಳು. ಸಾಕು ಮಾಡೇ ಅಂದೆ. ನನಗೂ ತಡೆಯಲಾಗಲಿಲ್ಲ.

೮ ಡಿಸೆಂಬರ್

ಮಗಳ ಕಾಗದ. ವಿಮಲಮ್ಮನಿಗೆ ಓದು ಬರದು, ನಾನೇ ಜೋರಾಗಿ ಓದುತ್ತಿದ್ದೆ. ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡೆ. "ಇಲ್ಲಿ ಹಳದಿ ಜ್ವರ ಎದ್ದಿದೆ ಅಪ್ಪಾಜಿ. ಪಕ್ಕದ ಮನೆಯ ಮಗು ಹೋಯಿತು. ಎಲ್ಲರೂ ಮಕ್ಕಳನ್ನೆತ್ತಿಕೊಂಡು ಸೂಜಿಗೆ ಓಡುತ್ತಿದ್ದಾರೆ. ನಮಗೆ ಆ ಚಿಂತೆಯಿಲ್ಲ. ಲೀಲಾಗೆ ನೀವು ಚುಚ್ಚಿಸಿದ್ದು ಎಷ್ಟು ಒಳ್ಳೆಯದಾಯಿತು."

ಕಾಗದದ ಮೇಲಿನ ತಾರೀಖು ಹೋದ ತಿಂಗಳದು. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅದೇ ದಿನ, ಸಂಜೆ

ಅಳಿಯನಿಗೆ ತಂತಿ ಕೊಟ್ಟೆ — ಮಗುವಿಗೆ ಸೂಜಿ ಹಾಕಿಸಿಲ್ಲ, ಕೂಡಲೇ ಹಾಕಿಸಿ. ಪೋಸ್ಟ್ ಮಾಸ್ಟರ್ ಗಿರಿಯಪ್ಪ ಓದಿ ನನ್ನ ಮುಖ ನೋಡಿದ. "ಇದೇನ್ ಯಜಮಾನ್ರೇ, ಬೆಂಗ್ಳೂರಲ್ಲಿ ಹಾಕ್ಸಿದ್ವಿ ಅಂದಿದ್ರಿ?"

"ಮೊದ್ಲು ಕಳ್ಸಪ್ಪಾ ಅದನ್ನ!" — ಕೂಗಿಬಿಟ್ಟೆ.

೧೧ ಡಿಸೆಂಬರ್

ಉತ್ತರವಿಲ್ಲ. ಪೂಜೆಗೆ ಕೂತರೆ ಮಂತ್ರ ಬಾಯಿಗೆ ಬರುತ್ತಿಲ್ಲ.

೧೭ ಡಿಸೆಂಬರ್

ಓಂಕಾರಮೂರ್ತಿಯ ತಂತಿ — ಲೀಲಾ ಶುಕ್ರವಾರ ಹೋದಳು. ನಿಮ್ಮ ತಂತಿ ಶನಿವಾರ ಬಂತು. ಪಂಕಜಾಕ್ಷಿಗೆ ತೋರಿಸಿಲ್ಲ.

ವಿಮಲಮ್ಮ ಎದೆ ಬಡಿದುಕೊಳ್ಳುತ್ತಿದ್ದಾಳೆ. "ಸೂಜಿ ಹಾಕ್ಸಿದ್ರಲ್ರೀ, ಹೆಂಗ್ರೀ ಹೋಯ್ತು ಕೂಸು?" ಅದೊಂದೇ ಮಾತು.

ಮಗಳಿಗೆ ನಾನೇ ಬರೆಯಬೇಕು. ಅಳಿಯನ ಬಾಯಿಂದ ಅವಳು ಕೇಳಬಾರದು. ಇಲ್ಲೇ ಒಮ್ಮೆ ಬರೆದು ನೋಡುತ್ತೇನೆ —

ಚಿರಂಜೀವಿ ಪಂಕಜಾಕ್ಷಿಗೆ, ಅಪ್ಪನ ಆಶೀರ್ವಾದ. ಅವತ್ತು ನೀನು ಒಳಗೆ ಮಲಗಿದ್ದಾಗ ಮಗುವನ್ನು ನಾನು